ಲೈನ್ ಕ್ಲಿಯರ್

ಜನವರಿ 9

ಅಣ್ಣನಿಗೆ ನಮಸ್ಕಾರಗಳು.

ಫೋನು ಮಾಡಿದರೆ "ಚೆನ್ನಾಗಿದೀನಿ, ಇಡ್ತೀನಿ" ಅಂತ ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತೀಯ. ಕಾಗದ ಬರೆದರೆ ಮಾತ್ರ ನಾಲ್ಕು ಪುಟ ಬರೆಯುತ್ತೀಯ. ಅದಕ್ಕೇ ಈ ಕಾಗದ.

ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಸೇರಿ ಐದು ತಿಂಗಳಾಯಿತು. ನನ್ನ ಕೋಣೆಗೆ ಕಿಟಕಿಯಿಲ್ಲ. ಮೇಜಿನ ಮೇಲೆ ಕಡತಗಳು ಎಷ್ಟಿವೆಯೆಂದರೆ ಜವಾನ ಚಹಾ ತಂದರೆ ಕೈಯಲ್ಲೇ ಹಿಡಿದುಕೊಂಡು ಕುಡಿಯಬೇಕು. ಆದರೂ ಬೆಳಿಗ್ಗೆ ಎದ್ದರೆ ಯಾವಾಗ ಕಚೇರಿಗೆ ಹೋದೇನೋ ಅನ್ನಿಸುತ್ತದೆ. ವಿದ್ಯುತ್ ಮಂಡಳಿಯನ್ನು ಒಡೆದು ಕಂಪನಿಗಳನ್ನಾಗಿ ಮಾಡುವ ಕಾನೂನು ಪಾಸಾಗಿದೆ. ಕರೆಂಟು ತಯಾರಿಸುವವರು ಒಬ್ಬರು, ಊರೂರಿಗೆ ಹಂಚುವವರು ಇನ್ನೊಬ್ಬರು. ದರ ಎಷ್ಟಿರಬೇಕು, ಸೇವೆ ಹೇಗಿರಬೇಕು ಎಂದು ಇನ್ನು ಮೇಲೆ ಹೇಳುವುದು ಆಯೋಗ, ಮಂತ್ರಿಗಳಲ್ಲ. ಮಂತ್ರಿ ಬೆರಳು ತೋರಿಸಿದ ಕಡೆ ಕಂಬ, ಉಳಿದ ಕಡೆ ಕತ್ತಲೆ ಎಂದು ನೀನೇ ಎಷ್ಟು ಸಲ ಗೊಣಗಿಲ್ಲ?

ನನಗೆ ಬಂದಿರುವ ಕೆಲಸ ಸಿಬ್ಬಂದಿಯ ಬಗ್ಗೆ ವರದಿ. ಸಣ್ಣ ಊರಿನ ಒಂದು ಸೆಕ್ಷನ್‌ಗೆ ನಿಜವಾಗಿ ಎಷ್ಟು ಜನ ಬೇಕು? ಮಂಡಳಿ ಕಳಿಸಿರುವ ಅಂಕಿಗಳನ್ನು ಮಂಡಳಿಯವರೇ ನಂಬುವುದಿಲ್ಲ. ನಿನಗೆ ಗೊತ್ತಿರುವಷ್ಟು ನಮ್ಮ ಕಡತಗಳಿಗೆ ಗೊತ್ತಿಲ್ಲ. ನಿಮ್ಮಲ್ಲಿ ಕೆಲಸ ಹೇಗೆ ನಡೆಯುತ್ತದೆ, ಇದ್ದದ್ದು ಇದ್ದ ಹಾಗೆ ಬರೆ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ಪುಟ್ಟಿ


ಜನವರಿ 21

ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಿನ್ನತ್ತಿಗೆ, "ಇಪ್ಪತ್ತೆರಡು ವರ್ಷ ಕಂಬ ಹತ್ತಿದ್ರೂ ಯಾರೂ ಏನೂ ಕೇಳ್ಲಿಲ್ಲ. ಈಗ ನೋಡಿ, ಸರ್ಕಾರವೇ ನಿಮ್ಮನ್ನ ಕೇಳ್ತಿದೆ" ಎಂದು ಕುಚೋದ್ಯ ಮಾಡಿದಳು. ಒಳಗೊಳಗೆ ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ನಮ್ಮ ಸೆಕ್ಷನ್‌ನಲ್ಲಿ ಒಂಬತ್ತು ಜನ. ಅವರಲ್ಲಿ ಕೊಕ್ಕರೆಯನ್ನು ನೀನು ನೋಡಿದ್ದೀಯ, ನಿನ್ನನ್ನು ಪರೀಕ್ಷೆಗೆ ಸೈಕಲ್ಲಿನ ಮೇಲೆ ಕರೆದುಕೊಂಡು ಹೋದವನು. ಆ ಉದ್ದನೆಯ ಕಾಲುಗಳಿಂದಲೇ ಅವನಿಗೆ ಆ ಹೆಸರು. ಕಂಬ ಹತ್ತಲು ಅವನಿಗೆ ಏಣಿ ಬೇಡ, ಅರ್ಧ ಕಂಬದಷ್ಟು ಅವನ ಕಾಲೇ ಇದೆ. ಹದಿನೆಂಟು ವರ್ಷದಿಂದ ನಾವಿಬ್ಬರೂ ಜೋಡಿ. ಅವನು ಮೇಲೆ, ನಾನು ಕೆಳಗೆ. ಅವನಿಗೆ ಸುಸ್ತಾದರೆ ನಾನು ಮೇಲೆ, ಅವನು ಕೆಳಗೆ. ನಿಜ ಹೇಳಬೇಕೆಂದರೆ ಈ ಸೆಕ್ಷನ್ ನಡೆಸುವುದಕ್ಕೆ ನಾವಿಬ್ಬರೇ ಸಾಕು. ಉಳಿದ ಏಳು ಜನ ಇಸ್ಪೀಟಿಗೆ ಕೈ ಕಡಿಮೆಯಾಗದಿರಲಿ ಎಂದು ಇದ್ದಾರೆ. ಇದನ್ನು ಓದಿ ಹೇಳಿದಾಗ ಕೊಕ್ಕರೆ, "ಇಬ್ರೂ ಬೇಡ, ನಿಮ್ಮಣ್ಣನ್ನೂ ತೆಗೆದುಹಾಕಿ, ಅವನು ಮಾತಾಡೋದೇ ಜಾಸ್ತಿ ಅಂತ ಬರಿ" ಎಂದ.

ಇನ್ನು ಸಬ್‌ಸ್ಟೇಷನ್ನಿನ ಆಪರೇಟರು. ನಾವು ಅವರನ್ನು ಮೇಷ್ಟ್ರು ಎನ್ನುತ್ತೇವೆ, ಏಕೆಂದರೆ ಲಾಗ್ ಪುಸ್ತಕದಲ್ಲಿ ನಮ್ಮ ಕಾಗುಣಿತವನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ತಂತಿ ಮುಟ್ಟುವ ಮೊದಲು ನಾವು ಅವರ ಹತ್ತಿರ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅಂದರೆ ಲೈನು ಬಂದ್ ಆಗಿದೆ, ಹತ್ತಬಹುದು ಎಂಬ ಚೀಟಿ. ಮೇಷ್ಟ್ರು ಸುಮ್ಮನೆ ಕೊಡುವವರಲ್ಲ. ತಾವೇ ಎದ್ದು ಹೋಗಿ ಸ್ವಿಚ್ ತೆಗೆದು, ಅದರ ಹಿಡಿಗೆ ಕೆಂಪು ಹಲಗೆ ತೂಗುಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಲೈನಿನ ಆ ತುದಿಯಲ್ಲಿ ನೂಲಿನ ಗಿರಣಿ ಇದೆಯಲ್ಲ, ಅಲ್ಲಿಗೂ ಫೋನು ಮಾಡಿ ಜನರೇಟರ್ ಹಾಕಬೇಡಿ, ಆ ಕಡೆಯಿಂದ ತಂತಿಗೆ ಕರೆಂಟು ಬಂದೀತು ಎನ್ನುತ್ತಾರೆ. ನಾವು ಇಳಿದು ಎದುರಿಗೆ ನಿಂತು ಮುಖ ತೋರಿಸಿದ ಮೇಲೆಯೇ ಅವರ ಜೇಬಿನಿಂದ ಬೀಗದ ಕೈ ಹೊರಗೆ ಬರುವುದು.

ಇಷ್ಟು ಸಾಕೋ, ಇನ್ನೂ ಬರೆಯಲೋ?

ನಿನ್ನ ಅಣ್ಣ


ಮಾರ್ಚ್ 30

ಪ್ರೀತಿಯ ಅಣ್ಣ,

ನಿನ್ನ ಕಾಗದ ಬಹಳ ಉಪಯೋಗಕ್ಕೆ ಬಂತು. ವರದಿ ಒಪ್ಪಿಗೆಯಾಗಿದೆ. ಅಧ್ಯಕ್ಷರು ಸಭೆಯಲ್ಲಿ ನನ್ನ ಹೆಸರು ಹೇಳಿ ಮೆಚ್ಚಿದರು. ಮೊದಲ ಕೆಲಸಕ್ಕೇ ಇಷ್ಟು ಸಿಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ನಾಡಿದ್ದಿನಿಂದ ನಿಮ್ಮ ಭಾಗ ಹೊಸ ಹಂಚಿಕೆ ಕಂಪನಿಗೆ ಸೇರುತ್ತದೆ. ದೊಡ್ಡ ಗ್ರಾಹಕರು ತಮಗೆ ಬೇಕಾದವರಿಂದ ಕರೆಂಟು ಕೊಳ್ಳಬಹುದು; ನಿಮ್ಮ ಗಿರಣಿ ಆಗಲೇ ಬೇರೊಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದೆ. ಪೈಪೋಟಿ ಬಂದರೆ ಎಲ್ಲರೂ ಸರಿಯಾಗಿ ಕೆಲಸ ಮಾಡಲೇಬೇಕಾಗುತ್ತದೆ. ಒಂದೆರಡು ವರ್ಷ ಕಷ್ಟವಾಗಬಹುದು, ಆಮೇಲೆ ದಾರಿಗೆ ಬರುತ್ತದೆ.

ಊರಿಗೆ ಬರಬೇಕೆಂದು ಆಸೆ. ರಜೆ ಸಿಕ್ಕರೆ ಮೇ ತಿಂಗಳಲ್ಲಿ ಬರುತ್ತೇನೆ.

ಪುಟ್ಟಿ


ಮೇ 14

ಪುಟ್ಟಿಗೆ,

ನೀನು ಬರುತ್ತೀಯೆಂದು ನಿನ್ನತ್ತಿಗೆ ಹೊದಿಕೆಗಳನ್ನೆಲ್ಲ ಒಗೆದು ಇಟ್ಟಿದ್ದಳು. ಇರಲಿ, ಕೆಲಸ ಇದ್ದೇ ಇರುತ್ತದೆ.

ಕಂಪನಿ ಬಂತು. ಮೊದಲು ಗೋಡೆಗೆ ನೀಲಿ ಬಣ್ಣ ಬಳಿದರು. ಆಮೇಲೆ ಜನರನ್ನು ಕಡಿಮೆ ಮಾಡಿದರು. ಒಂಬತ್ತರಲ್ಲಿ ಈಗ ಉಳಿದವರು ಮೂವರು: ಕೊಕ್ಕರೆ, ನಾನು ಮತ್ತು ಬಿಲ್ಲು ಹಂಚುವವನೊಬ್ಬ. ಹೋದ ಆರು ಜನರ ಮೇಲೆ ನಾನು ಎಷ್ಟು ಗೇಲಿ ಮಾಡುತ್ತಿದ್ದೆ. ಅವರು ಇಸ್ಪೀಟು ಆಡುತ್ತಿದ್ದುದು ನಿಜ. ಆದರೆ ಗಾಳಿ ಎದ್ದು ಮೂರು ಕಡೆ ಮರ ಬಿದ್ದರೆ ಎಲೆಗಳನ್ನು ಹಾಗೇ ಬಿಟ್ಟು ಮೂರು ಕಡೆಗೂ ಓಡುತ್ತಿದ್ದರು. ಈಗ ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಹೋಗುವಷ್ಟರಲ್ಲಿ ಜನ ಬೈದು ಬೈದು ಸುಸ್ತಾಗಿರುತ್ತಾರೆ.

ಮೇಷ್ಟ್ರನ್ನೂ ತೆಗೆದರು. ಸಬ್‌ಸ್ಟೇಷನ್ನಿಗೆ ಈಗ ಆಪರೇಟರ್ ಇಲ್ಲ. ಎಲ್ಲವನ್ನೂ ಮೂರು ಜಿಲ್ಲೆಗಳಾಚೆ ಒಂದು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ನಡೆಸುತ್ತಾರಂತೆ. ಲೈನ್ ಕ್ಲಿಯರ್ ಬೇಕಾದರೆ ನಾನು ಅಲ್ಲಿಗೆ ಫೋನು ಮಾಡಬೇಕು. ಒಂದು ಹುಡುಗಿ ಆರು ಅಂಕಿಯ ನಂಬರು ಹೇಳುತ್ತಾಳೆ, ನಾನು ತಿರುಗಿ ಹೇಳಬೇಕು, ಅಷ್ಟೇ. ಪಾಪ, ಮರ್ಯಾದೆಯಿಂದಲೇ ಮಾತಾಡುತ್ತಾಳೆ. ಮೇಷ್ಟ್ರು ಹೋಗುವ ದಿನ ಕೆಂಪು ಹಲಗೆಗಳನ್ನು ಒರೆಸಿ, ಜೋಡಿಸಿ, ಪಟ್ಟಿ ಮಾಡಿ ಕೊಟ್ಟರು. ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ನಾನೇ ಸಹಿ ಹಾಕಿದೆ.

ಒಂದು ವಿಷಯ ನಿನ್ನನ್ನು ಕೇಳಲೇಬೇಕು. ಗಿರಣಿಗೆ ಈಗ ಬೇರೆ ಕಂಪನಿಯ ಕರೆಂಟು. ಅವರು ಆ ತುದಿಯಲ್ಲಿ ತಮ್ಮದೇ ಸ್ವಿಚ್ ಹಾಕಿದ್ದಾರೆ, ಅವರ ಕಂಟ್ರೋಲ್ ರೂಮೇ ಬೇರೆ. ನಮ್ಮ ಹುಡುಗಿ ನಂಬರು ಕೊಟ್ಟರೆ ನಮ್ಮ ಕಡೆ ಬಂದ್. ಆ ಕಡೆ ಬಂದ್ ಆಗಿದೆ ಎಂದು ಯಾರು ಹೇಳಬೇಕು? ಸೆಕ್ಷನ್ ಆಫೀಸರನ್ನು ಕೇಳಿದೆ. "ಅದು ಅವ್ರು ನೋಡ್ಕೋಬೇಕು" ಎಂದರು. ಅವರು ಎಂದರೆ ಯಾರು ಎಂದು ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರು.

ಊರಿನವರಿಗೆ ಪೈಪೋಟಿ ಇನ್ನೂ ಕಂಡಿಲ್ಲ. ಆಯ್ಕೆ ಗಿರಣಿಗೆ ಸಿಕ್ಕಿತು, ಉಳಿದವರಿಗೆ ಬಿಲ್ಲಿನ ಬಣ್ಣ ಬದಲಾಯಿತು.

ಅಣ್ಣ


ಜೂನ್ 2

ಅಣ್ಣ,

ನಿನ್ನ ಪ್ರಶ್ನೆಯನ್ನು ಟಿಪ್ಪಣಿ ಮಾಡಿ ತಾಂತ್ರಿಕ ವಿಭಾಗಕ್ಕೆ ಕಳಿಸಿದ್ದೆ. "ಎರಡೂ ಕಂಪನಿಗಳು ಪರಸ್ಪರ ಸಮನ್ವಯ ಸಾಧಿಸತಕ್ಕದ್ದು" ಎಂದು ಬರೆದು ಹಿಂದಿರುಗಿಸಿದ್ದಾರೆ. ನಿಯಮಾವಳಿಯ ಕರಡು ತಯಾರಾಗುತ್ತಿದೆ, ಅದರಲ್ಲಿ ಸೇರಿಸುತ್ತಾರಂತೆ. ಸೆಪ್ಟೆಂಬರ್ ಒಳಗೆ ಆಗಬಹುದು.

ಅಲ್ಲಿಯವರೆಗೆ ದಯವಿಟ್ಟು ಜಾಗ್ರತೆಯಾಗಿರು. ಕೊಕ್ಕರೆಯಣ್ಣನಿಗೂ ಹೇಳು.

ಪುಟ್ಟಿ


ಜುಲೈ 19

ಪುಟ್ಟಿ,

ನಿನ್ನತ್ತಿಗೆ ಫೋನಿನಲ್ಲಿ ಹೇಳಿದ್ದಾಳೆ, ಗೊತ್ತು. ಆದರೂ ನಡೆದದ್ದನ್ನು ನಾನೇ ಬರೆಯುತ್ತೇನೆ. ಇಲ್ಲಿ ಬಂದವರೆಲ್ಲ ಅರ್ಧ ಕೇಳಿ ಎದ್ದುಹೋಗುತ್ತಾರೆ.

ಹನ್ನೊಂದನೆಯ ತಾರೀಕು, ಬೆಳಗಿನ ಹನ್ನೊಂದು ಗಂಟೆ. ಗಿರಣಿ ಲೈನಿನಲ್ಲಿ, ಕಂಬದ ಮೇಲೆ ತಂತಿ ಕೂರುವ ಪಿಂಗಾಣಿಯೊಂದು ಸೀಳಿತ್ತು. ನಾನು ಫೋನು ಮಾಡಿದೆ. ಹುಡುಗಿ ನಂಬರು ಕೊಟ್ಟಳು. ಕೈಮೇಲೆ ಬರೆದುಕೊಂಡು ತಿರುಗಿ ಹೇಳಿದೆ. "ಸರಿಯಾಗಿದೆ ಸರ್" ಎಂದಳು. ಕೊಕ್ಕರೆ ಟೆಸ್ಟರ್ ಹಿಡಿದು ನೋಡಿದ, ಕರೆಂಟು ಇರಲಿಲ್ಲ. ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ಕೋಲು ಕೆಲಸ ಮಾಡುವ ಜಾಗದ ಎರಡೂ ಕಡೆ ಹಾಕಬೇಕು. ನಮ್ಮ ಹತ್ತಿರ ಒಂದೇ ಇತ್ತು. ಇನ್ನೊಂದನ್ನು ಏಪ್ರಿಲ್‌ನಲ್ಲೇ ಪಕ್ಕದ ಸೆಕ್ಷನ್ನಿಗೆ ಒಯ್ದಿದ್ದರು. ಎರಡು ಸಲ ಬರೆದು ಕೇಳಿದ್ದೆವು. ನಮ್ಮ ಕಡೆಗೆ ಒಂದನ್ನು ಹಾಕಿ ಅವನು ಹತ್ತಿದ.

ಅರ್ಧ ಗಂಟೆ ಕೆಲಸ ಮಾಡಿದ. ಮಗಳು ಹತ್ತನೆಯ ತರಗತಿಗೆ ಹೋಗುತ್ತಿರುವ ಮಾತು ತೆಗೆದಿದ್ದ. "ಲೆಕ್ಕ ಒಂದು ಬರಲ್ಲ ಅವಳಿಗೆ, ನಿಮ್ ತಂಗಿ ರಜಕ್ಕೆ ಬಂದ್ರೆ ಒಂದೆರಡು ದಿನ" ಎನ್ನುತ್ತಿದ್ದ. ಅಷ್ಟೇ. ಆ ತುದಿಯಲ್ಲಿ ಯಾರೋ ತಮ್ಮ ಸ್ವಿಚ್ ಹಾಕಿದರು. ಅವರ ತಪ್ಪೂ ಅಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ಅವನು ಕೆಳಗೆ ಬೀಳಲಿಲ್ಲ, ಬೆಲ್ಟು ಹಿಡಿದುಕೊಂಡಿತ್ತು. ಲೈನು ಮತ್ತೆ ಬಂದ್ ಆಗಿದೆಯೋ ಇಲ್ಲವೋ ತಿಳಿಯದೆ ನಾನು ಹತ್ತುವಂತಿರಲಿಲ್ಲ. ಫೋನು ಹಚ್ಚಿದೆ. ಹುಡುಗಿ, "ನಮ್ಮ ಕಡೆ ಬಂದ್ ಆಗೇ ಇದೆ ಸರ್" ಎಂದಳು. ಗಿರಣಿಯವರ ನಂಬರು ಅವಳ ಹತ್ತಿರ ಇರಲಿಲ್ಲ. ನಾನು ಗಿರಣಿಯವರೆಗೆ ಓಡಿದೆ. ನಲವತ್ತು ನಿಮಿಷ ಕೊಕ್ಕರೆ ಮೇಲೆಯೇ ಇದ್ದ. ಊರೆಲ್ಲ ಕೆಳಗೆ ನಿಂತು ನೋಡಿತು.

ಅವನ ಹೆಂಡತಿ ನನ್ನನ್ನು ಕೇಳಿದ್ದು ಒಂದೇ. "ಲೈನ್ ಕ್ಲಿಯರ್ ತೊಗೊಂಡಿದ್ರಾ ಅಣ್ಣ?" ತೆಗೆದುಕೊಂಡಿದ್ದೆ ಎಂದು ಕೈ ತೋರಿಸಿದೆ. ಆ ನಂಬರು ಎಷ್ಟು ತಿಕ್ಕಿದರೂ ಪೂರ್ತಿ ಹೋಗಿರಲಿಲ್ಲ.

ಅಣ್ಣ


ಜುಲೈ 27

ಅಣ್ಣ,

ಏನು ಬರೆದರೂ ಸುಳ್ಳಾಗಿ ಕಾಣುತ್ತದೆ. ನಾಲ್ಕು ಸಲ ಹರಿದುಹಾಕಿದೆ.

ನಾನು ಬರಬೇಕಾಗಿತ್ತು. ಪ್ರಕರಣ ಆಯೋಗದ ಮುಂದೆ ಬರಲಿದೆ, ಮುಗಿಯುವವರೆಗೆ ಯಾವ ಕಡೆಯವರನ್ನೂ ಭೇಟಿ ಮಾಡಬಾರದು ಎಂದು ಕಾರ್ಯದರ್ಶಿ ಹೇಳಿದ್ದಾರೆ. ನೀನು ಈಗ ಒಂದು ಕಡೆಯವನಂತೆ. ನನ್ನ ಅಣ್ಣ ಎಂದು ಹೇಳಿದ ಮೇಲೆ ಆದೇಶ ಬರೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿದರು. ವಿಚಾರಣೆಯ ದಿನ ಒಬ್ಬೊಬ್ಬರನ್ನೇ ಕರೆದು, ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ನನ್ನ ಕೆಲಸ.

ಸಾರ್ವಜನಿಕ ವಿಚಾರಣೆ ಸೆಪ್ಟೆಂಬರ್ ಆರಕ್ಕೆ. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನೀನು ಬಾ. ನನಗೆ ಬರೆದ ಹಾಗೆಯೇ ಅಲ್ಲಿ ಹೇಳು. ಅವರ ಕಿವಿಗೆ ಬೀಳಲೇಬೇಕು.

ಪುಟ್ಟಿ


ಸೆಪ್ಟೆಂಬರ್ 12

ಪುಟ್ಟಿ,

ಕ್ಷೇಮವಾಗಿ ಊರು ತಲುಪಿದೆ. ಆ ದಿನ ನಿನ್ನನ್ನು ಮಾತಾಡಿಸಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಭಾಂಗಣ ಅಷ್ಟು ತಣ್ಣಗಿರುತ್ತದೆಂದು ಗೊತ್ತಿದ್ದರೆ ಸ್ವೆಟರ್ ತರುತ್ತಿದ್ದೆ. ಕಂಪನಿಯ ವಕೀಲರು ಒಂದೂವರೆ ಗಂಟೆ ಮಾತಾಡಿದರು. ಊಟದ ಹೊತ್ತಾದ ಮೇಲೆ, "ಆಕ್ಷೇಪಣೆದಾರರು ಸಂಖ್ಯೆ ಹದಿನೇಳು" ಎಂದು ನೀನು ಕರೆದೆ. ನನ್ನನ್ನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೂರು ನಿಮಿಷ ಕೊಟ್ಟಿರಿ. ಮೇಷ್ಟ್ರ ವಿಷಯ ಹೇಳುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಕೊಕ್ಕರೆ ಹತ್ತುವ ಹೊತ್ತಿಗೆ ಗಂಟೆ ಬಾರಿಸಿತು. ಬಾರಿಸಿದವನು ನಿನ್ನ ಪಕ್ಕದವನು, ನೀನಲ್ಲ. ಅದನ್ನು ನಾನು ನೋಡಿದೆ. ಅಧ್ಯಕ್ಷರು ಒಳ್ಳೆಯವರೇ. "ನಿಮ್ಮ ನೋವು ನಮಗೂ ಅರ್ಥವಾಗ್ತದೆ, ಲಿಖಿತವಾಗಿ ಕೊಡಿ" ಎಂದರು.

ಬಾಗಿಲ ಬಳಿ ಒಂದು ದಪ್ಪ ಪುಸ್ತಕ ಕೊಡುತ್ತಿದ್ದರು. ಬಸ್ಸಿನಲ್ಲಿ ಓದಿದೆ. ಸಿಬ್ಬಂದಿ ವರದಿ, ಪುಟ ನಲವತ್ತೊಂದು. "ಕ್ಷೇತ್ರ ಸಿಬ್ಬಂದಿಯೊಬ್ಬರ ಹೇಳಿಕೆಯ ಪ್ರಕಾರ, ಒಂಬತ್ತು ಮಂದಿಯ ಸೆಕ್ಷನ್ ಅನ್ನು ವಾಸ್ತವವಾಗಿ ಇಬ್ಬರು ನಿರ್ವಹಿಸಬಲ್ಲರು, ಉಳಿದ ಏಳು ಮಂದಿ ಹೆಚ್ಚುವರಿ."

ನನ್ನ ಮಾತನ್ನು ಅಚ್ಚಿನಲ್ಲಿ ನೋಡಿದ್ದು ಇದೇ ಮೊದಲು. ಬಸ್ಸಿಳಿದು ಮನೆಗೆ ಬಂದವನು ನಿನ್ನತ್ತಿಗೆಗೆ ಆ ಪುಸ್ತಕ ತೋರಿಸಲಿಲ್ಲ.

ಅಣ್ಣ


ಸೆಪ್ಟೆಂಬರ್ 20

ಅಣ್ಣ,

ಹೌದು. ಆ ವಾಕ್ಯ ಬರೆದವಳು ನಾನೇ.

ಆ ಮಾತು ಹೇಳುವಾಗ ನೀನು ನಗುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಕಾಗದದಲ್ಲೂ ಆ ನಗು ಕೇಳಿಸುತ್ತಿತ್ತು. ಅದನ್ನು ಬಿಟ್ಟು ಉಳಿದದ್ದನ್ನು ಬರೆದೆ. ಮೇಷ್ಟ್ರ ಬಗ್ಗೆ ನೀನು ಬರೆದದ್ದು ಅದರ ಕೆಳಗೇ ಇತ್ತು. ನಾನು ಅದನ್ನು ಹಳೆಯ ಪದ್ಧತಿ ಎಂದುಕೊಂಡೆ. ವರದಿಗೆ ಒಂದು ಉದಾಹರಣೆ ಬೇಕಾಗಿತ್ತು. ನನಗೆ ಅಧ್ಯಕ್ಷರ ಮೆಚ್ಚುಗೆ ಬೇಕಾಗಿತ್ತು ಎಂದೂ ಹೇಳಬೇಕು.

ನನ್ನನ್ನು ಓದಿಸಿದವನು ನೀನು. ಓದಿ ನಾನು ಮಾಡಿದ್ದು ಇದು. ನಿನಗೆ ಬೈಯಬೇಕೆನ್ನಿಸಿದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಪುಟ್ಟಿ


ಡಿಸೆಂಬರ್ 18

ಪುಟ್ಟಿ,

ನಿನ್ನ ಮೂರು ಕಾಗದಗಳೂ ತಲುಪಿವೆ. ಬೈಯುವುದಕ್ಕೆ ಏನೂ ಇಲ್ಲ. ಆ ಮಾತು ಆಡಿದವನು ನಾನು, ಬರೆದವಳು ನೀನು. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಎಂದು ತೂಗುತ್ತಾ ಕುಳಿತರೆ ಪ್ರಯೋಜನವಿಲ್ಲ.

ನನ್ನನ್ನು ಈಗ ಲೈನಿನಿಂದ ತೆಗೆದಿದ್ದಾರೆ. ಸಬ್‌ಸ್ಟೇಷನ್ನಿಗೆ ಕಾವಲುಗಾರ. ಮೇಷ್ಟ್ರು ಕೂರುತ್ತಿದ್ದ ಕುರ್ಚಿಯಲ್ಲಿ ಕೂರುತ್ತೇನೆ, ಆದರೆ ಏನನ್ನೂ ಮುಟ್ಟುವಂತಿಲ್ಲ. ಸ್ವಿಚ್‌ಗಳು ತಾವಾಗಿಯೇ ಬಿದ್ದು ಏಳುತ್ತವೆ. ಹೊಸ ಗುತ್ತಿಗೆಯವರು ಕಂಬ ಹತ್ತುತ್ತಾರೆ. ಅವರಿಗೂ ಆರು ಅಂಕಿಯ ನಂಬರೇ. ಕೊಕ್ಕರೆಯ ಹೆಂಡತಿಗೆ ಕಂಪನಿಯ ಬಿಲ್ ಕಚೇರಿಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿದೆ.

ಹೋದ ವಾರ ಅವಳು ಒಂದು ರಿಜಿಸ್ಟರ್ಡ್ ಲಕೋಟೆ ಹಿಡಿದು ಇಲ್ಲಿಗೆ ಬಂದಿದ್ದಳು. ಆಯೋಗದ ಆದೇಶದ ಪ್ರತಿ. ಅವಳಿಗೆ ಓದಲು ಬರುವುದಿಲ್ಲ. "ಅವ್ರ ವಿಷ್ಯ ಏನ್ ಬರ್ದಿದಾರೆ, ಓದಿ ಅಣ್ಣ" ಎಂದಳು. ಓದಿದೆ. ಎರಡೂ ಕಂಪನಿಗಳು ಸಮನ್ವಯ ಸಾಧಿಸಬೇಕು ಎಂದಿತ್ತು, ಓದಿದೆ. ಆಯೋಗ ವಿಷಾದ ವ್ಯಕ್ತಪಡಿಸುತ್ತದೆ ಎಂದಿತ್ತು, ಓದಿದೆ. ನಡುವೆ ಒಂದು ಸಾಲಿತ್ತು. "ಮೃತರು ಎರಡೂ ಬದಿ ಅರ್ತಿಂಗ್ ಮಾಡದೆ ನಿರ್ಲಕ್ಷ್ಯ ತೋರಿದ್ದೇ ಅವಘಡಕ್ಕೆ ಕಾರಣ." ಅದನ್ನು ಬಿಟ್ಟೆ. ಅದರ ಜಾಗದಲ್ಲಿ, "ಮೃತರು ಹದಿನೆಂಟು ವರ್ಷ ಒಂದೂ ತಪ್ಪಿಲ್ಲದೆ ಕೆಲಸ ಮಾಡಿದ್ದರು" ಎಂದು ಓದಿದೆ. ಅವಳು ಅದನ್ನು ಇನ್ನೊಂದು ಸಲ ಓದಿಸಿದಳು. ಎರಡನೆಯ ಸಲ ಅದೇ ಪದಗಳು ಬರಬೇಕಲ್ಲ ಎಂದು ನನಗೆ ಬೆವರು ಬಂತು.

ನನಗಾಗಿ ಏನೂ ಕೇಳುವುದಿಲ್ಲ. ಆ ಒಂದು ಸಾಲನ್ನು ತೆಗೆಸಲು ಆಗುತ್ತದೆಯೇ?

ಅಣ್ಣ


ಜನವರಿ 4

ಅಣ್ಣ,

ಕಾರ್ಯದರ್ಶಿಯನ್ನು ಕೇಳಿದೆ, ಸದಸ್ಯರ ಮನೆಗೂ ಹೋದೆ. ಆ ಸಾಲು ತನಿಖಾಧಿಕಾರಿಯ ವರದಿಯದು, ನಾವು ಎತ್ತಿ ಬರೆದಿದ್ದೇವೆ ಅಷ್ಟೇ ಎನ್ನುತ್ತಾರೆ. ಒಂದೇ ಕೋಲು ಇತ್ತೆಂಬ ನಿನ್ನ ಮಾತು ದಾಖಲೆಯಲ್ಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತ್ತು. ಲಿಖಿತವಾಗಿ ನೀನು ಕಳಿಸಿದ್ದು ತಡವಾಗಿ ಬಂತೆಂದು ಪಕ್ಕಕ್ಕಿಟ್ಟಿದ್ದಾರೆ.

ತಿದ್ದುಪಡಿಗೆ ದಾರಿ ಒಂದೇ. ಆದೇಶ ತಲುಪಿದ ಅರವತ್ತು ದಿನದೊಳಗೆ ಮರುಪರಿಶೀಲನಾ ಅರ್ಜಿ ಹಾಕಬೇಕು. ನೀನು ಹಾಕುವಂತಿಲ್ಲ, ನನಗಂತೂ ಸಾಧ್ಯವೇ ಇಲ್ಲ. ಕೊಕ್ಕರೆಯಣ್ಣನ ಹೆಂಡತಿಯೇ ಹಾಕಬೇಕು. ಆದೇಶವನ್ನು ಪೂರ್ತಿ ಓದಿಸಿ ಕೇಳಿದ್ದೇನೆ, ಇಂಥ ಸಾಲಿಗೆ ನನ್ನ ಆಕ್ಷೇಪವಿದೆ ಎಂದು ಪ್ರಮಾಣಪತ್ರ ಮಾಡಿ ಹೆಬ್ಬೆಟ್ಟು ಒತ್ತಬೇಕು.

ಅಂದರೆ ಆ ಸಾಲನ್ನು ತೆಗೆಸಲು ಮೊದಲು ಅದನ್ನು ಅವರಿಗೆ ಹೇಳಬೇಕು. ಹೇಳಿದ ಮೇಲೂ ತೆಗೆಯುತ್ತಾರೆಂಬ ಭರವಸೆ ನನಗಿಲ್ಲ. ಇಲ್ಲಿ ಇಷ್ಟು ದಿನ ಇದ್ದು ನೋಡಿದ್ದೇನೆ. ನೀನು ಏನು ಹೇಳುತ್ತೀಯೋ ಹಾಗೆ ಮಾಡೋಣ. ಅರ್ಜಿಯನ್ನು ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ.

ಪುಟ್ಟಿ


ಫೆಬ್ರವರಿ 23

ಪುಟ್ಟಿ,

ನಿನ್ನ ಅರ್ಜಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೂರು ಸಲ ಕೊಕ್ಕರೆಯ ಮನೆಯ ಬೀದಿಯವರೆಗೆ ಹೋದೆ. ಒಂದು ಸಲ ಅವಳು ಬಾಗಿಲಲ್ಲೇ ಇದ್ದಳು. "ಏನಣ್ಣ?" ಎಂದಳು. ಈ ಕಡೆ ಕೆಲಸವಿತ್ತು ಎಂದು ಹೇಳಿ ವಾಪಸು ಬಂದೆ. ಅರವತ್ತು ದಿನ ಹತ್ತನೆಯ ತಾರೀಕಿಗೆ ಮುಗಿಯಿತು. ಅರ್ಜಿ ಹಾಕಲಿಲ್ಲ. ಹಾಕಬೇಡವೆಂದು ತೀರ್ಮಾನ ಮಾಡಿದೆನೆಂದಲ್ಲ, ದಿನ ಹೋದವು.

ನಿನ್ನೆ ಕಚೇರಿ ಗುಡಿಸಿ ಮುಗಿಸಿಕೊಂಡು ಅವಳು ಸಬ್‌ಸ್ಟೇಷನ್ನಿಗೆ ಬಂದಳು. ಆ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಶಾಲೆಯಲ್ಲಿ ಯಾವುದೋ ಶುಲ್ಕ ವಿನಾಯಿತಿಗೆ ಈ ಕಾಗದದ ನಕಲು ಬೇಕಾಗಿತ್ತಂತೆ. ಕೊಡುವ ಮೊದಲು ಮಗಳು ಪೂರ್ತಿ ಓದಿದಳಂತೆ, ಗಟ್ಟಿಯಾಗಿ.

ನಾನು ಎದ್ದು ನಿಂತೆ. ಒಂದೇ ಕೋಲು ಇತ್ತು, ಎರಡು ಸಲ ಬರೆದು ಕೇಳಿದ್ದೆವು ಎಂದೆಲ್ಲ ಹೇಳತೊಡಗಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ನಿಲ್ಲಿಸಿದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಲಕೋಟೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ನೀವು ಆವತ್ತು ಓದಿದ್ದೇ ಚೆನ್ನಾಗಿತ್ತು ಅಣ್ಣ" ಎಂದು ಹೇಳಿ ಹೋದಳು.

ಸ್ವಲ್ಪ ದಿನ ಕಾಗದ ಬರೆಯಬೇಡ. ನಿನ್ನ ಮೇಲೆ ಕೋಪವಿಲ್ಲ.

ಅಣ್ಣ